ಕಂಚುಕಿ, ಮಂತ್ರಿ, ಷಂಡ: ಶಿವಮೊಗ್ಗ–ಭದ್ರಾವತಿಗಳ ಕ್ರೈಸ್ತ ಸಭೆಗಳ ಸಂದರ್ಭದಲ್ಲಿ ಒಂದು ಪದದ ವಿಚಾರ

ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಬರುವ ಒಂದು ಪ್ರಸಂಗ ಕ್ರೈಸ್ತ ವಾಚಕರಿಗೆಲ್ಲ ಪರಿಚಿತವಾದದ್ದೇ. ಐಥಿಯೋಪ್ಯದ ರಾಣಿ ಕಂದಾಕೆಯ ಬೊಕ್ಕಸದ ಮೇಲಧಿಕಾರಿಯೊಬ್ಬನು ಆರಾಧನೆಗಾಗಿ ಯೆರೂಸಲೇಮಿಗೆ ಹೋಗಿ, ಗಾಜಾದ ಮಾರ್ಗವಾಗಿ ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದಿಕೊಳ್ಳುತ್ತ ಊರಿಗೆ ಮರಳುತ್ತಿರುತ್ತಾನೆ. ಫಿಲಿಪ್ಪನು ಆ ರಥವನ್ನು ಸಮೀಪಿಸಿ, ಓದುತ್ತಿರುವುದರ ಅರ್ಥವನ್ನು ಬಿಡಿಸಿ ಹೇಳುತ್ತಾನೆ. ಮುಂದೆ ದಾರಿಯಲ್ಲಿ ನೀರು ಕಾಣಿಸಿದಾಗ ಅಧಿಕಾರಿಯು ತನಗೆ ದೀಕ್ಷಾಸ್ನಾನವಾಗುವುದಕ್ಕೆ ಅಡ್ಡಿ ಏನೆಂದು ಕೇಳುತ್ತಾನೆ, ಇಬ್ಬರೂ ನೀರಿಗಿಳಿಯುತ್ತಾರೆ. ಪ್ರಸಂಗ ಇಷ್ಟೇ. ಆದರೆ ಆ ಪ್ರಶ್ನೆಯ ಭಾರವೆಲ್ಲ ನಿಂತಿರುವುದು ಮೂಲದ ಒಂದು ಪದದ ಮೇಲೆ. ಗ್ರೀಕಿನಲ್ಲಿ ಈ ಅಧಿಕಾರಿಯನ್ನು 'ಯೂನೂಖೊಸ್' ಎಂದು ಕರೆದಿದೆ. ಎಂದರೆ ಪುಂಸ್ತ್ವವನ್ನು ಕಳೆದುಕೊಂಡವನು, ಅಂತಃಪುರದ ಕಾವಲಿಗೂ ಬೊಕ್ಕಸದ ಕಾವಲಿಗೂ ಯೋಗ್ಯನೆಂದು ಪ್ರಾಚೀನ ಅರಮನೆಗಳು ಎಣಿಸುತ್ತಿದ್ದ ವರ್ಗದವನು.

ಶಿವಮೊಗ್ಗ ಮತ್ತು ಭದ್ರಾವತಿಗಳಲ್ಲಿ ಕನ್ನಡ, ತಮಿಳು, ಮಲೆಯಾಳ ಈ ಮೂರು ಭಾಷೆಗಳ ಕ್ರೈಸ್ತರೂ ಇದ್ದಾರೆ. ಈ ಒಂದು ಪದವು ಮೂರು ಭಾಷೆಗಳ ಸತ್ಯವೇದಗಳಲ್ಲಿ ಮೂರು ಬಗೆಯಾಗಿ ಬಂದಿದೆ. ಕನ್ನಡದ ಹಳೆಯ ಸತ್ಯವೇದದಲ್ಲಿ ಅವನು 'ಕಂಚುಕಿ'. ಪ್ರಾಟೆಸ್ಟಂಟ್ ಸಭೆಗಳು ಬಳಸುವ ಹಳೆಯ ತಮಿಳು ಭಾಷಾಂತರದಲ್ಲಿ 'ಮಂತ್ರಿ'. ಮಲೆಯಾಳದಲ್ಲಿ 'ಷಂಡನ್'. ಒಂದೇ ಊರಿನ ಒಂದೇ ಬೀದಿಯ ಮೂವರು ನೆರೆಹೊರೆಯವರು ತಮ್ಮ ತಮ್ಮ ಪುಸ್ತಕವನ್ನು ತೆರೆದರೆ ಮೂವರು ಬೇರೆ ಬೇರೆ ಮನುಷ್ಯರನ್ನು ಕಾಣುತ್ತಾರೆ.

ಲೈಂಗಿಕ ಅಲ್ಪಸಂಖ್ಯಾತರನ್ನು, ಎಂದರೆ ಸಲಿಂಗಪ್ರೇಮಿಗಳನ್ನೂ ಉಭಯಲಿಂಗಪ್ರೇಮಿಗಳನ್ನೂ ಲಿಂಗಪರಿವರ್ತಿತರನ್ನೂ, ಕ್ರೈಸ್ತ ಸಭೆಯು ಬರಮಾಡಿಕೊಂಡು ಪೋಷಿಸುವ ಬಗೆ ಹೇಗೆ ಎಂಬ ಚರ್ಚೆ ಭಾರತದಲ್ಲಿ ಎರಡು ದಶಕಗಳಿಂದ ನಡೆದಿದೆ. ಆ ಚರ್ಚೆಯ ಬಹುಭಾಗ ಇಂಗ್ಲಿಷಿನಲ್ಲಿ, ಮಹಾನಗರಗಳಲ್ಲಿ, ದೈವಶಾಸ್ತ್ರದ ವಿದ್ಯಾಲಯಗಳಲ್ಲಿ ನಡೆದದ್ದು. ನಮ್ಮ ಸೀಮೆಯ ಸಭೆಗಳಲ್ಲಿ ಬಾಗಿಲನ್ನು ಕಾದು ನಿಂತಿರುವುದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಪದವೇ ಎಂಬುದು ನಮಗೆ ತೋರಿರುವ ವಿಷಯ. ಪ್ರಸ್ತುತ ಲೇಖನದಲ್ಲಿ ಇದನ್ನೇ ನಾವು ವಿಚಾರಿಸಹೊರಟಿದ್ದೇವೆ. ಮೊದಲಿಗೇ ಒಂದು ಎಚ್ಚರಿಕೆಯ ಮಾತು: ಪ್ರಾಚೀನ ಕಾಲದ ಯೂನೂಖೊಸನೂ ಇಂದಿನ ಲಿಂಗಪರಿವರ್ತಿತರೂ ಒಂದೇ ಅಲ್ಲ. ಒಬ್ಬನನ್ನು ಅರಮನೆ ತನ್ನ ಪ್ರಯೋಜನಕ್ಕಾಗಿ ಹಾಗೆ ಮಾಡಿತು. ಇನ್ನೊಬ್ಬರು ತಮ್ಮ ಒಳಗಿನ ಅರಿವಿನಂತೆ ಬಾಳಬಯಸುತ್ತಾರೆ. ಆದರೆ ಧರ್ಮಶಾಸ್ತ್ರವು ಗಂಡು ಹೆಣ್ಣುಗಳ ಎರಡು ಪಂಕ್ತಿಗಳಲ್ಲಿ ಯಾವುದರಲ್ಲಿಯೂ ಕೂರಿಸಲಾಗದೆ ಹೊರಗಿಟ್ಟವರ ವಿಷಯದಲ್ಲಿ ಮೊದಲಿನ ಸಭೆ ಹೇಗೆ ನಡೆದುಕೊಂಡಿತು ಎಂಬುದನ್ನು ತಿಳಿಯಲು ಇದಕ್ಕಿಂತ ಸಮೀಪದ ಸಾಕ್ಷ್ಯ ಹೊಸ ಒಡಂಬಡಿಕೆಯಲ್ಲಿ ಬೇರೊಂದಿಲ್ಲ.

ಈ ಎರಡು ಊರುಗಳಲ್ಲಿ ಮೂರು ಭಾಷೆಗಳು ಸೇರಿದ ಬಗೆಯನ್ನು ಸಂಕ್ಷೇಪವಾಗಿ ಹೇಳಿಬಿಡುವುದು ಯುಕ್ತ. ತುಂಗೆಯ ದಡದ ಶಿವಮೊಗ್ಗ ಹಳೆಯ ಪಟ್ಟಣ, ಜಿಲ್ಲೆಯ ಕೇಂದ್ರ. ಅಲ್ಲಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿ ಭದ್ರೆಯ ದಡದಲ್ಲಿದ್ದ ಬೆಂಕಿಪುರವೇ ಇಂದಿನ ಭದ್ರಾವತಿ. ೧೯೧೮ರಲ್ಲಿ ಮೈಸೂರು ಸಂಸ್ಥಾನ ಅಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ತೊಡಗಿಸಿತು. ೧೯೨೩ರಲ್ಲಿ ಕುಲುಮೆ ಉರಿಯಿತು. ಅದರ ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂದಿತು. ಕುಲುಮೆಯ ಕೆಲಸಕ್ಕೆ ತಮಿಳು ಸೀಮೆಯಿಂದಲೂ ಮಲೆಯಾಳ ಸೀಮೆಯಿಂದಲೂ ಜನ ಬಂದರು. ಅವರ ಹಿಂದೆಯೇ ಅವರ ಪುಸ್ತಕಗಳೂ ಹಾಡುಗಳೂ ಬಂದವು. ಮಲೆನಾಡಿನ ಕಾಡಂಚಿಗೆ ಬೇಸಾಯಕ್ಕೆಂದು ಬಂದ ಮಲೆಯಾಳಿ ಕ್ರೈಸ್ತರದು ಬೇರೊಂದು ಪ್ರವಾಹ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತರು ಮತ್ತೊಂದು. ರೋಮನ್ ಕಥೋಲಿಕ ಧರ್ಮಸಭೆಯು ೧೯೮೮ರಲ್ಲಿ ಚಿಕ್ಕಮಗಳೂರಿನಿಂದ ಬೇರ್ಪಡಿಸಿ ಶಿವಮೊಗ್ಗ ಧರ್ಮಪ್ರಾಂತ್ಯವನ್ನು ಸ್ಥಾಪಿಸಿತು. ಸಿರೋ ಮಲಬಾರ್ ಧರ್ಮಸಭೆಯು ೨೦೦೭ರಲ್ಲಿ ಭದ್ರಾವತಿಯ ಹೆಸರಿನಲ್ಲಿಯೇ ಒಂದು ಧರ್ಮಪ್ರಾಂತ್ಯವನ್ನು ನಿರ್ಮಿಸಿತು. ಪ್ರಾಟೆಸ್ಟಂಟರ ಕಡೆಯಲ್ಲಿ, ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ನಿನ ಸಭೆಗಳು ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ಉದಯಿಸಿದ ದಕ್ಷಿಣ ಇಂಡಿಯಾ ಸಭೆಯಲ್ಲಿ ಸೇರಿಹೋದವು. ಭಿನ್ನ ಭಿನ್ನ ವಿಧಿಗಳವರು ಒಂದು ಊರಿನಲ್ಲಿ ಬಾಳುವುದನ್ನು ಈ ಸಭೆಗಳು ಕಲಿತಿವೆ ಎಂಬುದಕ್ಕೆ ಇಷ್ಟು ಸಾಕು.

ಈಗ ಪದಕ್ಕೆ ಬರೋಣ. ಕನ್ನಡದ ಸಂಪೂರ್ಣ ಸತ್ಯವೇದವು ಮೊದಲು ಅಚ್ಚಾದದ್ದು ೧೮೩೧ರಲ್ಲಿ, ಬಳ್ಳಾರಿಯಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರ ಪರಿಶ್ರಮದಿಂದ. ಮುಂದೆ ಮಂಗಳೂರಿನ ಬಾಸೆಲ್ ಮಿಷನ್ನಿನ ವೈಗಲನೇ ಮೊದಲಾದವರು ಅದನ್ನು ತಿದ್ದಿದರು. ತಿದ್ದುಪಡಿಗಳು ಆಮೇಲೂ ನಡೆದವು. ಹೀಗೆ ರೂಪುಗೊಂಡು ಸಭೆಗಳಲ್ಲಿ ನೆಲೆಯೂರಿದ ಹಳೆಯ ಭಾಷಾಂತರದಲ್ಲಿ 'ಯೂನೂಖೊಸ್' ಎಂಬುದಕ್ಕೆ ಒಂದು ಪದವಿಲ್ಲ, ಎರಡು ಪದಗಳಿವೆ. ಮತ್ತಾಯನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಯೇಸುವು ಹುಟ್ಟಿನಿಂದಲೇ ಹಾಗಿರುವವರನ್ನೂ ಮನುಷ್ಯರಿಂದ ಹಾಗಾದವರನ್ನೂ ದೇವರ ರಾಜ್ಯದ ನಿಮಿತ್ತ ಹಾಗೆ ನಿಂತವರನ್ನೂ ಕುರಿತು ಹೇಳುವ ಕಡೆ ಅದು 'ನಪುಂಸಕ'. ಅಪೊಸ್ತಲರ ಕೃತ್ಯಗಳಲ್ಲಿ ಅದೇ ಪದ 'ಕಂಚುಕಿ'. ಎಸ್ತೇರಳ ಗ್ರಂಥದಲ್ಲಿಯೂ ದಾನಿಯೇಲನ ಗ್ರಂಥದಲ್ಲಿಯೂ ಅರಮನೆಯ ಸೇವಕರು ಬಂದಾಗ ಮತ್ತೆ ಕಂಚುಕಿಯೇ. ಸ್ಥಾನಮಾನವಿರುವ ಕಡೆ ಕಂಚುಕಿ, ದೇಹದ ಮಾತು ಬಂದ ಕಡೆ ನಪುಂಸಕ. ವಿಭಾಗ ಹೀಗೆ ನಡೆದಿದೆ.

ಕಂಚುಕಿ ಎಂದರೆ ಕನ್ನಡ ಓದುಗನ ಕಣ್ಣಿಗೆ ಏನು ಕಾಣುತ್ತದೆ? ಕಂಚುಕವೆಂದರೆ ನಿಲುವಂಗಿ, ಅದನ್ನು ತೊಟ್ಟವನು ಕಂಚುಕಿ. ಸಂಸ್ಕೃತ ನಾಟಕಗಳಲ್ಲಿ ಅವನು ಅಂತಃಪುರದ ಮೇಲ್ವಿಚಾರಣೆಯ ವೃದ್ಧ ಬ್ರಾಹ್ಮಣ, ಗೌರವಸ್ಥ. ಶಾಕುಂತಲದ ಐದನೆಯ ಅಂಕದಲ್ಲಿ ದಂಡವನ್ನೂರಿಕೊಂಡು ಬಂದು ತನ್ನ ಮುಪ್ಪನ್ನು ನೆನೆದು ಹಲುಬುವ ಕಂಚುಕಿಯನ್ನು ಬಲ್ಲದ ಸಾಹಿತ್ಯಾಭಿಮಾನಿ ನಮ್ಮಲ್ಲಿಲ್ಲ. ಅವನಲ್ಲಿರುವುದು ವಯಸ್ಸಿನ ನಿಶ್ಶಕ್ತಿಯೇ ಹೊರತು ಬೇರೇನಲ್ಲ. ಪುಂಸ್ತ್ವವಿಲ್ಲದ ಅಂತಃಪುರಸೇವಕನಿಗೆ ಸಂಸ್ಕೃತದಲ್ಲಿ 'ವರ್ಷವರ' ಎಂಬ ಬೇರೆಯ ಪದವೇ ಉಂಟು. ರತ್ನಾವಳಿಯ ಎರಡನೆಯ ಅಂಕದಲ್ಲಿ ಲಾಯದಿಂದ ಕಪಿ ತಪ್ಪಿಸಿಕೊಂಡು ಬಂದಾಗ ದಿಕ್ಕೆಟ್ಟು ಓಡಿದರೆಂದು ವರ್ಣಿತರಾದವರು ಇವರೇ. ಭಾಷಾಂತರಕಾರರು ವರ್ಷವರನನ್ನು ಬಿಟ್ಟು ಕಂಚುಕಿಯನ್ನು ಹಿಡಿದರು. ಇದರಲ್ಲಿ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಸಭೆಯ ಮುಂದೆ ಸ್ತ್ರೀಯರೂ ಮಕ್ಕಳೂ ಕೇಳುವಂತೆ ಓದಬೇಕಾದ ಗ್ರಂಥ. ಮರ್ಯಾದೆಯ ಪದವೊಂದು ಕೈಗೆಟುಕಿತು, ತೆಗೆದುಕೊಂಡರು. ಆದರೆ ಪರಿಣಾಮ ಮಾತ್ರ ಗಂಭೀರವಾಯಿತು. ಹೊಸ ಒಡಂಬಡಿಕೆಯಲ್ಲಿ ದೀಕ್ಷಾಸ್ನಾನ ಹೊಂದಿದ ಈ ಮನುಷ್ಯನು ಕನ್ನಡದಲ್ಲಿ ನಿಲುವಂಗಿಯೊಳಗೆ ಅಡಗಿಹೋದನು. ತಮಿಳಿನಲ್ಲಿ ಅವನು ಸಂಪೂರ್ಣವಾಗಿ ಮಾಯವಾದನು. ತಮಿಳು ಭಾಷಾಂತರಕಾರರಿಗೆ ಪದ ಗೊತ್ತಿರಲಿಲ್ಲವೆಂದೂ ಹೇಳುವಂತಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಅದೇ ಗ್ರೀಕ್ ಪದಕ್ಕೆ 'ಅಣ್ಣಗರ್' ಎಂದು ಬಳಸಿಯೇ ಇದ್ದಾರೆ. ಮಲೆಯಾಳವು ಮಾತ್ರ ಎರಡು ಕಡೆಯಲ್ಲಿಯೂ ಷಂಡ ಶಬ್ದವನ್ನೇ ಇಟ್ಟು ಮೂಲಕ್ಕೆ ನಿಷ್ಠವಾಗಿ ನಡೆಯಿತು. ಆದರೆ ಆ ಪದವು ಬೀದಿಯ ಬೈಗುಳವೂ ಆದ್ದರಿಂದ ನಿಷ್ಠೆಗೆ ಬೇರೊಂದು ಬೆಲೆ ತೆರಬೇಕಾಯಿತು.

ಇದರಿಂದ ಕಳೆದುಹೋದದ್ದು ಏನು ಎಂಬುದನ್ನು ಕಾಣಬೇಕಾದರೆ ಮೂರು ವಾಕ್ಯಗಳನ್ನು ಒಟ್ಟಿಗಿಟ್ಟು ಓದಬೇಕು. ಧರ್ಮೋಪದೇಶಕಾಂಡದ ಇಪ್ಪತ್ತಮೂರನೆಯ ಅಧ್ಯಾಯದ ಆರಂಭದಲ್ಲಿ ಪುಂಸ್ತ್ವ ಕಳೆದುಕೊಂಡವನು ಕರ್ತನ ಸಭೆಯಲ್ಲಿ ಸೇರಕೂಡದೆಂಬ ನಿಷೇಧವಿದೆ. ಯೆಶಾಯನ ಐವತ್ತಾರನೆಯ ಅಧ್ಯಾಯದಲ್ಲಿ ಆ ನಿಷೇಧದ ದಿಕ್ಕೇ ತಿರುಗಿದೆ: ಒಡಂಬಡಿಕೆಯನ್ನು ಹಿಡಿದು ನಡೆಯುವ ನಪುಂಸಕನು ತನ್ನನ್ನು ಒಣಮರವೆಂದುಕೊಳ್ಳಬೇಕಾಗಿಲ್ಲ; ಗಂಡು ಹೆಣ್ಣು ಮಕ್ಕಳಿಗಿಂತ ಮಿಗಿಲಾದ ಹೆಸರು ಅವನಿಗೆ ದೇವಾಲಯದ ಪ್ರಾಕಾರದೊಳಗೆ ದೊರೆಯುವುದು. ರಥದಲ್ಲಿ ಆ ಅಧಿಕಾರಿ ಓದುತ್ತಿದ್ದದ್ದು ಐವತ್ತಮೂರನೆಯ ಅಧ್ಯಾಯ. ಸುರುಳಿಯಲ್ಲಿ ಅಲ್ಲಿಂದ ಈ ಮಾತಿಗೆ ಹೆಚ್ಚು ದೂರವಿಲ್ಲ. ಯೆರೂಸಲೇಮಿನವರೆಗೆ ಪ್ರಯಾಣ ಮಾಡಿದ್ದರೂ ಮೊದಲಿನ ನಿಷೇಧದಂತೆ ಅವನ ಸ್ಥಾನ ಹೊರಗೆ. ಬೊಕ್ಕಸದ ಬೀಗದ ಕೈಗೆ ಅವನು ಬೇಕು, ದೇವರ ಸಭೆಗೆ ಬೇಡ. ಅಂಥವನು ನೀರನ್ನು ಕಂಡು ತನಗೇನಡ್ಡಿ ಎಂದು ಕೇಳುವಾಗ ಅದು ಉಪಚಾರದ ಪ್ರಶ್ನೆಯಲ್ಲ. ಅಡ್ಡಿ ಇತ್ತು, ಲಿಖಿತವಾಗಿಯೇ ಇತ್ತು; ಅದು ಅವನಿಗೂ ಗೊತ್ತು, ಫಿಲಿಪ್ಪನಿಗೂ ಗೊತ್ತು. ಮಂತ್ರಿಯೊಬ್ಬನು ಈ ಪ್ರಶ್ನೆಯನ್ನು ಕೇಳಿದರೆ ಅದರಲ್ಲಿ ಹುರುಳಿಲ್ಲ. ಮಂತ್ರಿಗಳಿಗೆ ಯಾವ ಕಾಲದಲ್ಲಿಯೂ ಬಾಗಿಲು ಮುಚ್ಚಿದ್ದಿಲ್ಲ. ಕಂಚುಕಿ ಕೇಳಿದರೆ ಅರ್ಧ ಹುರುಳು.

'ನಪುಂಸಕ' ಪದದ ತೊಡಕು ಬೇರೆ ಬಗೆಯದು. ಅಮರಸಿಂಹನು ತನ್ನ ಕೋಶದ ಮನುಷ್ಯವರ್ಗದಲ್ಲಿ ಈ ಪದದೊಂದಿಗೆ 'ತೃತೀಯಾಪ್ರಕೃತಿ' ಎಂಬ ಪರ್ಯಾಯವನ್ನೂ ಕೊಟ್ಟಿದ್ದಾನೆ. ಅವನು ಇವರನ್ನು ಎಣಿಸಿದ್ದು ಮನುಷ್ಯರ ಸಾಲಿನಲ್ಲಿಯೇ. ಆದರೆ ಕನ್ನಡ ಮಗು ಈ ಪದವನ್ನು ಮೊದಲು ಕೇಳುವುದು ವ್ಯಾಕರಣದ ಪಾಠದಲ್ಲಿ. ಸಂಸ್ಕೃತದಲ್ಲಿ ಮಿತ್ರ, ಕಲತ್ರ ಮೊದಲಾದ ಮನುಷ್ಯವಾಚಕಗಳೂ ನಪುಂಸಕವಾಗಬಹುದು. ಕನ್ನಡದಲ್ಲಿ ಹಾಗಲ್ಲ, ಇಲ್ಲಿ ಲಿಂಗವು ಅರ್ಥವನ್ನನುಸರಿಸುತ್ತದೆ. ಮರ, ಕಲ್ಲು, ದನ, ಕರು ಇವು ನಪುಂಸಕಲಿಂಗ. ಇವುಗಳ ಸರ್ವನಾಮ 'ಅದು'. ಆದ್ದರಿಂದ ಒಬ್ಬ ಮನುಷ್ಯನಿಗೆ ಈ ಪದ ತಗುಲಿದೊಡನೆ ಅವನು ಮನುಷ್ಯವರ್ಗದಿಂದಲೇ ಜಾರಿ 'ಅದು' ಆಗುತ್ತಾನೆ. ಲಿಂಗಪರಿವರ್ತಿತರನ್ನು ಪೇಟೆಯಲ್ಲಿ 'ಅದು ಬಂತು' ಎಂದು ಕರೆಯುವುದನ್ನು ಕೇಳದವರಾರು? ವ್ಯಾಕರಣವು ಈ ಕ್ರೌರ್ಯವನ್ನು ಹುಟ್ಟಿಸಲಿಲ್ಲ, ಆದರೆ ಅದಕ್ಕೊಂದು ಸರ್ವನಾಮವನ್ನು ಒದಗಿಸಿತು. ಅದೇ ಭಾಷೆಯಲ್ಲಿ ಮದ್ದೂ ಇದೆ: 'ಅವರು' ಎಂಬ ಗೌರವದ ಬಹುವಚನಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಇಂಗ್ಲಿಷಿನವರು ಹೊಸದಾಗಿ ವಾದಿಸಿ ಸ್ಥಾಪಿಸಬೇಕಾಗಿ ಬಂದದ್ದು ನಮ್ಮಲ್ಲಿ ಅತ್ತೆ ಮಾವಂದಿರನ್ನು ಕುರಿತು ದಿನವೂ ಆಡುವ ಮಾತು.

ಈ ಜಿಲ್ಲೆಯಲ್ಲಿ ಇಂಥವರಿಗೆ ದೇವರ ಸನ್ನಿಧಿಯಲ್ಲಿ ಸ್ಥಾನವಿಲ್ಲವೆಂದೂ ಹೇಳುವಂತಿಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಗುಡಿಯಿದೆ. ರೇಣುಕೆ ಎಲ್ಲಮ್ಮರ ಪಂಥದಲ್ಲಿ ಜೋಗಪ್ಪಂದಿರಿಗೂ ಜೋಗತಿಯರಿಗೂ ಪರಂಪರೆಯಿಂದ ಬಂದ ಸ್ಥಾನವುಂಟು. ಗಂಡಾಗಿ ಹುಟ್ಟಿ ಸೀರೆಯುಟ್ಟು ತಲೆಯ ಮೇಲೆ ದೇವಿಯ ಕೊಡವನ್ನು ಹೊತ್ತವರಿಗೆ ಭಕ್ತರು ಅಡ್ಡಬೀಳುತ್ತಾರೆ. ಜೋಗತಿ ಪರಂಪರೆಯ ಕಲಾವಿದೆ ಮಂಜಮ್ಮನವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದೂ, ೨೦೨೧ರ ಪದ್ಮಶ್ರೀ ಗೌರವಕ್ಕೆ ಪಾತ್ರರಾದದ್ದೂ ಎಲ್ಲರಿಗೂ ವಿದಿತವಾಗಿದೆ. ಆದರೆ ಈ ಸ್ಥಾನದ ಸ್ವರೂಪವನ್ನು ಪರ್ಯಾಲೋಚಿಸಿದರೆ, ಅದು ದೇವಿಯ ಪರವಾಗಿ ಬೇರೆ ನಿಲ್ಲುವವರ ಸ್ಥಾನ. ಮನೆಯವರು ಒಮ್ಮೆ 'ದೇವಿಗೆ ಬಿಟ್ಟ' ಮೇಲೆ ಮನೆಯಲ್ಲಿ ಮಗನ ಸ್ಥಾನವೂ ಇಲ್ಲ, ಮಗಳ ಸ್ಥಾನವೂ ಇಲ್ಲ. ಕ್ರೈಸ್ತ ಸಭೆಯಲ್ಲಿ ಇದರ ವಿಪರ್ಯಯವನ್ನು ಕಾಣುತ್ತೇವೆ. ಅಲ್ಲಿ ಬೇರೆಯ ಪೂಜ್ಯಸ್ಥಾನವಿಲ್ಲ. ಇರುವುದೆಲ್ಲ ಕುಟುಂಬದ ಸ್ಥಾನ, ಸಹೋದರ ಸಹೋದರಿಯರ ಪಂಕ್ತಿ. ಅದರಲ್ಲಿ ಕುಳಿತರೆ ಒಳಗೆ, ಇಲ್ಲವಾದರೆ ಸಂಪೂರ್ಣವಾಗಿ ಹೊರಗೆ.

ಸಲಿಂಗಪ್ರೇಮಿಗಳ ವಿಷಯದಲ್ಲಿ ಪ್ರಮಾಣವಾಗಿ ಎತ್ತುವ ವಾಕ್ಯ ಬೇರೆ. ಕೊರಿಂಥದವರಿಗೆ ಪೌಲನು ಬರೆದ ಮೊದಲನೆಯ ಪತ್ರಿಕೆಯ ಆರನೆಯ ಅಧ್ಯಾಯದ ಪಟ್ಟಿಯಲ್ಲಿ 'ಮಲಕೊಯ್', 'ಆರ್ಸೆನೊಕೊಯ್ತಾಯ್' ಎಂಬ ಎರಡು ಪದಗಳು ಬರುತ್ತವೆ. ಮೊದಲನೆಯದಕ್ಕೆ ನೇರವಾದ ಅರ್ಥ ಮೃದುವಾದವರು ಎಂದು. ಕನ್ನಡದ ಹಳೆಯ ಸತ್ಯವೇದ ಇದಕ್ಕೆ ಇಟ್ಟದ್ದು 'ವಿಟ'! ಮೃಚ್ಛಕಟಿಕವನ್ನು ಓದಿದವರಿಗೆ ವಿಟನು ಯಾರೆಂದು ಹೇಳಬೇಕಾಗಿಲ್ಲ. ಕನ್ನಡದಲ್ಲಂತೂ ವಿಟನೆಂದರೆ ಸೂಳೆಗೇರಿಯಲ್ಲಿ ಹಣ ಕಳೆಯುವವನು. ಎರಡನೆಯದಕ್ಕೆ 'ಪುರುಷಗಾಮಿ' ಎಂಬ ಪದವನ್ನು ಕಟ್ಟಿಕೊಂಡರು. ಇಂಗ್ಲಿಷಿನ ೧೯೪೬ರ ಪರಿಷ್ಕೃತ ಭಾಷಾಂತರವು ಈ ಎರಡು ಪದಗಳನ್ನೂ ಸೇರಿಸಿ 'ಹೋಮೋಸೆಕ್ಷುಯಲ್ಸ್' ಎಂದಿತು. ಈ ಪದವಾದರೋ ೧೮೬೯ರಲ್ಲಿ ಕೆರ್ಟ್‌ಬೆನಿ ಎಂಬ ಲೇಖಕನು ಜರ್ಮನ್ ಭಾಷೆಯಲ್ಲಿ ಟಂಕಿಸಿದ್ದು. ಅದೇ ಇಂಗ್ಲಿಷ್ ಭ‍ಾಷಾಂತರವು ೧೯೭೧ರಲ್ಲಿ ಆ ಮಾತನ್ನು ಬಿಟ್ಟು ಬೇರೆಯದನ್ನು ಇಟ್ಟುಕೊಂಡಿತು. ಹೀಗಿರಲಾಗಿ, ಕನ್ನಡ ಪೀಠದಿಂದ ಈ ವಾಕ್ಯವನ್ನು ವ್ಯಾಖ್ಯಾನಿಸುವವರು ಇಂಗ್ಲಿಷ್ ಟೀಕೆಗಳನ್ನು ನೋಡಿಕೊಂಡು, ವಿಟನ ಸ್ಥಾನದಲ್ಲಿ ಸಲಿಂಗಪ್ರೇಮಿಯನ್ನು ತಂದು ಕೂರಿಸುವುದುಂಟು. ಹಳೆಯ ಭಾಷಾಂತರವನ್ನೇ ಕಣ್ಣುಮುಚ್ಚಿ ನಂಬುವ ಸಭಿಕನಿಗೆ ಆ ವಾಕ್ಯದ ಅರ್ಧಭಾಗ ಸ್ತ್ರೀಲೋಲರ ಮೇಲಿನ ದೂಷಣೆಯಾಗಿ ಕೇಳಿಸಬೇಕಿತ್ತು. ಸ್ತ್ರೀಲೋಲರು ಅದರಿಂದ ತಪ್ಪಿಸಿಕೊಂಡ ಬಗೆಯೇ ಒಂದು ಕೌತುಕ.

ಆದರೂ ಪ್ರತಿಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಎರಡನೆಯ ಪದವು ಯಾಜಕಕಾಂಡದ ಗ್ರೀಕ್ ಅನುವಾದದ ಎರಡು ಶಬ್ದಗಳನ್ನು ಕೂಡಿಸಿ ಮಾಡಿದ್ದೆಂಬ ಪಂಡಿತರ ಅಭಿಪ್ರಾಯ ದುರ್ಬಲವಾದುದಲ್ಲ. ಅದನ್ನು ಒಪ್ಪಿದರೆ ಪುರುಷರ ಸಂಗವನ್ನೇ ಪೌಲನು ಉದ್ದೇಶಿಸಿದನೆನ್ನಬೇಕಾಗುತ್ತದೆ. ದುಡ್ಡು ಕೊಟ್ಟು, ಬಲವಂತದಿಂದ, ಬಾಲಕರನ್ನೂ ದಾಸರನ್ನೂ ಉಪಯೋಗಿಸಿಕೊಳ್ಳುತ್ತಿದ್ದ ಆ ಕಾಲದ ನಗರಗಳ ನಡತೆಯೇ ಇಲ್ಲಿ ಲಕ್ಷ್ಯವೆನ್ನುವ ಇತರ ಪಂಡಿತರೂ ಇದ್ದಾರೆ. ಶಬ್ದಶಾಸ್ತ್ರವೊಂದರಿಂದಲೇ ಈ ವ್ಯಾಜ್ಯ ತೀರುವಂತಿಲ್ಲ. ಒಬ್ಬ ಮನುಷ್ಯನನ್ನು ಸಭೆಯಿಂದ ಎಬ್ಬಿಸಿ ಕಳುಹಿಸುವುದಕ್ಕೆ ಬೇಕಾದ ನಿಶ್ಚಯ ಈ ಪದಗಳಲ್ಲಿ ಇಲ್ಲವೆಂಬುದಷ್ಟೇ ನಮಗೆ ಸಿದ್ಧವೆಂದು ತೋರುತ್ತದೆ.

ಸಭೆಯ ಬಾಯಲ್ಲಿ ಬಳಕೆಯಾದ 'ಪ್ರಕೃತಿವಿರುದ್ಧ' ಎಂಬ ಮಾತಿಗೆ ಪೌಲನ ರೋಮಾಪುರದ ಪತ್ರಿಕೆ ಒಂದು ಮೂಲವಾದರೆ, ೧೮೬೦ರ ಭಾರತ ದಂಡಸಂಹಿತೆಯ ೩೭೭ನೆಯ ಕಲಮು ಇನ್ನೊಂದು. ಕಾನೂನಿನ ಕಥೆ ಪ್ರಸಿದ್ಧವಾದದ್ದರಿಂದ ಬೆಳೆಸುವುದಿಲ್ಲ: ೨೦೦೯ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಅದರ ವ್ಯಾಪ್ತಿಯನ್ನು ಕುಗ್ಗಿಸಿತು, ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು, ೨೦೧೮ರ ಸೆಪ್ಟೆಂಬರ್ ೬ರಂದು ಪ್ರೌಢರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸಾರಿತು. ನಡುವೆ ೨೦೧೪ರ ಏಪ್ರಿಲ್ ೧೫ರ ತೀರ್ಪು ಲಿಂಗಪರಿವರ್ತಿತರ ಸ್ವನಿರ್ಣಯವನ್ನು ಎತ್ತಿಹಿಡಿಯಿತು. ೨೦೨೩ರ ಅಕ್ಟೋಬರಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಅದೇ ನ್ಯಾಯಾಲಯ ಒಪ್ಪಲಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದದ್ದು, ಈ ವ್ಯಾಜ್ಯದ ಎರಡು ಪಕ್ಕದಲ್ಲಿಯೂ ಕ್ರೈಸ್ತರಿದ್ದರೆಂಬುದು. ೩೭೭ನೆಯ ಕಲಮನ್ನು ಉಳಿಸಬೇಕೆಂದು ವಾದಿಸಿದವರಲ್ಲಿ ಅಪೊಸ್ತಲಿಕ ಸಭೆಗಳ ಒಕ್ಕೂಟವೂ ಉತ್ಕಲದ ಕ್ರೈಸ್ತ ಸಂಘವೂ ಇದ್ದವು. ಇನ್ನೊಂದು ಕಡೆ, ನಾಗಪುರದ ಭಾರತ ಕ್ರೈಸ್ತ ಸಭೆಗಳ ರಾಷ್ಟ್ರೀಯ ಪರಿಷತ್ತು ೨೦೦೯ರ ಕೊನೆಯಲ್ಲಿ ಕೊಲ್ಕತ್ತದಲ್ಲಿ ಸೇರಿಸಿದ ದೈವಶಾಸ್ತ್ರೀಯ ಗೋಷ್ಠಿಯು ಸಭೆಗಳು ಈ ಜನರನ್ನು ಬರಮಾಡಿಕೊಳ್ಳಬೇಕೆಂದು ಕರೆಯಿತ್ತಿತು. ಎಚ್ಐವಿ ರೋಗಿಗಳ ಸೇವೆಗೆಂದು ಆರಂಭವಾದ ಆ ಪರಿಷತ್ತಿನ 'ಎಶಾ' ಎಂಬ ಶಾಖೆ ಮುಂದೆ ಈ ಕೆಲಸವನ್ನೇ ಕೈಗೆತ್ತಿಕೊಂಡಿತು. ರೋಗಿಯ ಹಾಸಿಗೆಯ ಬಳಿಗೆ ಹೋದವರಿಗೆ ಮನುಷ್ಯರು ಕಂಡರು, ಆಮೇಲೆ ಸಿದ್ಧಾಂತ ಸರಿದಾಡಿತು. ಕ್ರಮ ಹೀಗಾದದ್ದು ಗಮನಾರ್ಹ.

ಕಥೋಲಿಕರಲ್ಲಿ, ೧೯೯೨ರ ಧರ್ಮೋಪದೇಶ ಗ್ರಂಥವು ಸಲಿಂಗಾಕರ್ಷಣೆಯುಳ್ಳವರನ್ನು ಗೌರವದಿಂದಲೂ ಕನಿಕರದಿಂದಲೂ ಕಾಣಬೇಕೆಂದು ವಿಧಿಸಿ, ಸಂಬಂಧವನ್ನು ಮಾತ್ರ ಒಪ್ಪದೆ ನಿಂತಿತು. ೨೦೧೩ರ ತೀರ್ಪು ಬಂದಾಗ ಭಾರತದ ಧರ್ಮಾಧ್ಯಕ್ಷರ ಮಂಡಳಿಯ ಅಧ್ಯಕ್ಷರಾಗಿದ್ದ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸರು ಇವರನ್ನು ಧರ್ಮಸಭೆ ಎಂದೂ ಅಪರಾಧಿಗಳೆಂದು ಎಣಿಸಿಲ್ಲವೆಂದರು. ೨೦೨೩ರಲ್ಲಿ ರೋಮಿನಿಂದ ಎರಡು ಪತ್ರಗಳು ಹೊರಟವು: ಲಿಂಗಪರಿವರ್ತಿತರು ಜ್ಞಾನಸ್ನಾನವನ್ನು ಹೊಂದಬಹುದೆಂದೂ, ವಿವೇಚನೆಯ ಮೇಲೆ ಜ್ಞಾನ ತಂದೆತಾಯಿಗಳೂ ಆಗಬಹುದೆಂದೂ ಒಂದು, ಸಲಿಂಗ ಜೋಡಿಗಳಿಗೆ, ವಿವಾಹವೆಂಬ ಭ್ರಮೆ ಬಾರದಂತೆ, ಗುರುಗಳು ಆಶೀರ್ವಾದ ನೀಡಬಹುದೆಂದು ಇನ್ನೊಂದು. ಮೊದಲನೆಯ ಪತ್ರವು ಉತ್ತರಿಸಿದ್ದು ಗಾಜಾದ ದಾರಿಯ ಪ್ರಶ್ನೆಯನ್ನೇ.

ಈ ಪತ್ರಗಳೂ ತೀರ್ಪುಗಳೂ ಶಿವಮೊಗ್ಗದ ಒಂದು ಭಾನುವಾರದ ಬೆಳಗಿನಲ್ಲಿ ಏನಾಗುತ್ತವೆ? ನಮ್ಮ ಸೀಮೆಯ ಹಲವು ಸಭೆಗಳಲ್ಲಿ ಗಂಡಸರು ಒಂದು ಪಕ್ಕ, ಹೆಂಗಸರು ಒಂದು ಪಕ್ಕ ಕುಳಿತುಕೊಳ್ಳುವುದು ಹಿಂದಿನಿಂದ ಬಂದ ರೂಢಿ. ಮಗನೆಂದು ದೀಕ್ಷಾಸ್ನಾನ ಹೊಂದಿ, ಈಗ ಸೀರೆಯುಟ್ಟು ಬಾಗಿಲಲ್ಲಿ ನಿಂತವರು ನಡುವಿನ ಹಾದಿಯಲ್ಲಿ ಎಲ್ಲರ ಕಣ್ಣ ಮುಂದೆ ಎಡಕ್ಕೋ ಬಲಕ್ಕೋ ತಿರುಗಬೇಕು. ಒಂದು ಕಡೆ ಕುಳಿತರೆ ಹೆಂಗಸರು ಸರಿದುಕೊಳ್ಳುತ್ತಾರೆ, ಇನ್ನೊಂದು ಕಡೆ ಕುಳಿತರೆ ತಮ್ಮನ್ನು ತಾವೇ ಸುಳ್ಳು ಮಾಡಿಕೊಂಡಂತೆ. ಆದ್ದರಿಂದ ಅಂಥವರು ಬಾಗಿಲ ಬಳಿಯ ಕೊನೆಯ ಬೆಂಚನ್ನು ಆರಿಸಿಕೊಳ್ಳುತ್ತಾರೆ, ಪ್ರಭುಭೋಜನಕ್ಕೆ ಮುಂಚೆಯೇ ಎದ್ದುಹೋಗುತ್ತಾರೆ. ಅವರು ಬರಲಿಲ್ಲವೆಂದೇ ಸಭೆ ಎಣಿಸುತ್ತದೆ. ಇಲ್ಲಿ ಬೇಕಾದದ್ದು ಠರಾವಲ್ಲ. ಹೆಂಗಸರ ಸಾಲಿನಲ್ಲಿ ಹಿರಿಯರೊಬ್ಬರು, ಎಲ್ಲರೂ ಅಕ್ಕನೆಂದೋ ಅಮ್ಮನೆಂದೋ ಕರೆಯುವವರೊಬ್ಬರು, ತಮ್ಮ ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿ ಬನ್ನಿ ಎಂದರೆ ಅಂದಿನ ಮಟ್ಟಿಗೆ ವ್ಯಾಜ್ಯ ತೀರಿತು.

ದಫ್ತರದ ಮಾತು ಇನ್ನೊಂದು. ಕಥೋಲಿಕರ ೧೯೮೩ರ ಧರ್ಮಸಭಾ ಸಂಹಿತೆಯ ೫೩೫ನೆಯ ನಿಯಮದಂತೆ ಪ್ರತಿ ಧರ್ಮಕೇಂದ್ರದಲ್ಲಿಯೂ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳಿರಬೇಕು. ಜ್ಞಾನಸ್ನಾನದ ದಾಖಲೆಯ ಪಕ್ಕದಲ್ಲಿ ಮುಂದಿನ ಸಂಸ್ಕಾರಗಳನ್ನು ಟಿಪ್ಪಣಿ ಮಾಡುವ ಪದ್ಧತಿಯೂ ಇದೆ. ಹಳೆಯ ನಮೂದನ್ನು ಅಳಿಸುವುದನ್ನು ಚರಿತ್ರಕಾರರಾದ ನಾವು ಕೇಳುವವರಲ್ಲ. ಆದರೆ ೨೦೧೯ರ ಅಧಿನಿಯಮವು ಜಿಲ್ಲಾ ದಂಡಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಮಾಡಿದ ಮೇಲೆ, ಸರಕಾರದ ಕಾಗದದಲ್ಲಿ ಒಂದು ಹೆಸರು, ಸಭೆಯ ಕಾಗದದಲ್ಲಿ ಇನ್ನೊಂದು ಹೆಸರು ಎಂಬ ಸ್ಥಿತಿ ಬಂದಿದೆ. ಶವಸಂಸ್ಕಾರದ ದಿನ ಯಾವ ಹೆಸರನ್ನು ಕೂಗಿ ಪ್ರಾರ್ಥಿಸಬೇಕು, ಶಿಲುಬೆಯ ಮೇಲೆ ಯಾವ ಹೆಸರನ್ನು ಬರೆಯಬೇಕು ಎಂಬುದು ಆಗ ದುಃಖದ ನಡುವೆ ಜಗಳವಾಗುತ್ತದೆ. ಬದುಕಿರುವಾಗಲೇ ಅವರನ್ನು ಕೇಳಿ ಬರೆದಿಟ್ಟುಕೊಂಡ ಸಭಾಪಾಲಕನು ಎಷ್ಟೋ ಕ್ಲೇಶವನ್ನು ತಪ್ಪಿಸಿದಂತೆ. ಯೆಶಾಯನ ವಾಗ್ದಾನ ಹೆಸರಿನ ವಾಗ್ದಾನವೆಂಬುದನ್ನು ಮೇಲೆ ನೋಡಿದೆವು.

ಸಲಿಂಗಪ್ರೇಮಿಗಳು ಹೀಗೆ ಬಾಗಿಲಲ್ಲಿ ಗುರುತಾಗುವವರಲ್ಲ. ಗಾಯನಮಂಡಲಿಯಲ್ಲಿ, ಭಾನುವಾರದ ಶಾಲೆಯಲ್ಲಿ, ಪೀಠದ ಮೇಲೆಯೂ ಇರಬಲ್ಲರು. ಅವರ ಸಂಕಟ ಹೊರಬೀಳುವುದು ಮದುವೆಯ ವಯಸ್ಸಿನಲ್ಲಿ. ಮದುವೆಯಾದರೆ ಎಲ್ಲ ಸರಿಹೋಗುತ್ತದೆಂಬ ಹಿತೋಪದೇಶ ಒಂದು ಬಾಳಿನ ಬದಲು ಎರಡು ಬಾಳುಗಳನ್ನು ಕೆಡಿಸುತ್ತದೆ. ಉಪವಾಸ ಪ್ರಾರ್ಥನೆಯಿಂದ 'ಬಿಡಿಸುವ' ಪ್ರಯತ್ನ ಮತ್ತೊಂದು. ಜಗತ್ತಿನ ಆರೋಗ್ಯ ಸಂಸ್ಥೆ ೧೯೯೦ರಲ್ಲಿಯೇ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಮದರಾಸು ಉಚ್ಚ ನ್ಯಾಯಾಲಯದ ೨೦೨೧ರ ಆದೇಶದ ತರುವಾಯ, ೨೦೨೨ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇಂಥ ಪರಿವರ್ತನ ಚಿಕಿತ್ಸೆಯನ್ನು ವೈದ್ಯರ ವೃತ್ತಿದೋಷವೆಂದು ನಿರ್ಣಯಿಸಿತು. ವೈದ್ಯನಿಗೆ ಕೂಡದೆಂದದ್ದನ್ನು ಉಪದೇಶಿ ಮಾಡುವುದು ಹೇಗೆ ಯುಕ್ತ? ತನ್ನಲ್ಲಿ ಹೇಳಿಕೊಂಡದ್ದನ್ನು ಮನೆಯವರಿಗೆ ಮುಟ್ಟಿಸದೆ ಗುಟ್ಟಾಗಿಡುವುದು, ಹೇಳಿಕೊಂಡವರನ್ನು ಮಾಡುತ್ತಿದ್ದ ಸೇವೆಯಿಂದ ಬಿಡಿಸದಿರುವುದು, ಮಗನನ್ನೋ ಮಗಳನ್ನೋ ಮನೆಯಿಂದ ಹೊರದೂಡಲು ಹೊರಟ ತಂದೆತಾಯಿಗಳ ಬಳಿಗೆ ತಾನೇ ನಡೆದುಹೋಗುವುದು, ಇವುಗಳಿಗೆ ಯಾವ ಸಿನೊಡಿನ ಅಪ್ಪಣೆಯೂ ಬೇಕಾಗಿಲ್ಲ. ವಿವಾಹದ ಪ್ರಶ್ನೆಯಲ್ಲಿ ಸಭೆಗಳು ಒಮ್ಮತಕ್ಕೆ ಬಂದಿಲ್ಲ, ಸದ್ಯಕ್ಕೆ ಬರುವಂತೆಯೂ ಕಾಣುವುದಿಲ್ಲ. ಮನೆ ಬಿಟ್ಟುಬಂದವನಿಗೆ ಊಟ ಹಾಕುವುದಕ್ಕೆ ಆ ಒಮ್ಮತವನ್ನು ಕಾಯಬೇಕೆಂದು ಹೇಳುವವರಿದ್ದಾರೆ. ನಾವು ಅವರನ್ನು ಒಪ್ಪಲಾರೆವು.

ಕಂಚುಕಿಯ ಸ್ಥಾನದಲ್ಲಿ ಯಾವ ಪದವನ್ನಿಡಬೇಕು? ನಪುಂಸಕವೂ ಷಂಡವೂ ಮೇಲೆ ಹೇಳಿದ ಕಾರಣಗಳಿಂದ ಅಯೋಗ್ಯ. 'ಮಂಗಳಮುಖಿ' ಗೌರವದ ಪದವಾದರೂ ಅದು ಇಂದಿನ ಒಂದು ಸಮುದಾಯದ ಹೆಸರು; ಅದನ್ನು ಒಂದನೆಯ ಶತಮಾನಕ್ಕೆ ಒಯ್ದರೆ ಚರಿತ್ರೆಗೆ ಅಪಚಾರ. 'ವರ್ಷವರ' ಶುದ್ಧವಾದದ್ದು, ಆದರೆ ಯಾರಿಗೂ ತಿಳಿಯದು. ನಮ್ಮ ಎಣಿಕೆಯಲ್ಲಿ ಕಂಚುಕಿಯನ್ನು ಹಾಗೆಯೇ ಉಳಿಸಿಕೊಂಡು, ಇವನು ಮೋಶೆಯ ನಿಯಮದಂತೆ ದೇವರ ಸಭೆಯಿಂದ ಹೊರಗಿಡಲ್ಪಟ್ಟ ವರ್ಗದವನೆಂದು ಓದುವ ಮುನ್ನ ಒಂದು ವಾಕ್ಯದಲ್ಲಿ ತಿಳಿಸುವುದು ಲೇಸು. ತಮಿಳು ಓದುವ ಸಭೆಗಳಲ್ಲಿ ಇದು ಇನ್ನೂ ಅವಶ್ಯ. ರೋಮನ್ ವಿಧಿಯ ದೇವಾಲಯಗಳಲ್ಲಿ ಈ ಪಾಠ ಪಾಸ್ಕಕಾಲದ ಮೂರನೆಯ ವಾರದ ಗುರುವಾರ ಬರುತ್ತದೆ. ಅದು ಕೆಲಸದ ದಿನ. ಬೆಳಗಿನ ಪೂಜೆಗೆ ಬರುವವರು ಕೆಲವೇ ಜನ, ಕೊನೆಯ ಬೆಂಚುಗಳು ಹೆಚ್ಚಾಗಿ ಖಾಲಿಯಿರುತ್ತವೆ.